ಶ್ರೀರಂಗಪಟ್ಟಣದ ಗೆಳೆಯನಿಗೆ, ಪರ್ತ್‌ಶೈರಿನ ಕುರಿತು

ಪ್ರೀತಿಯ ಗೆಳೆಯ,

ಸ್ಕಾಟ್ಲೆಂಡಿಗೆ ಬಂದರೆ ಏನು ನೋಡಬೇಕೆಂದು ಕೇಳಿದ್ದೀಯೆ. ಎಡಿನ್‌ಬರೋ ಕೋಟೆಯ ವಿಷಯ ಯಾರು ಬೇಕಾದರೂ ಹೇಳಿಯಾರು. ನಾನು ಪರ್ತ್‌ಶೈರಿನ ಕ್ರೀಫ್ ಪಟ್ಟಣದ ಸುತ್ತಲಿನ ಹಳ್ಳಿಗಾಡನ್ನೇ ಸೂಚಿಸುತ್ತೇನೆ. ನಿನ್ನೂರಿನ ಚರಿತ್ರೆಯ ಒಂದು ಎಳೆ ಅಲ್ಲಿಯವರೆಗೂ ಚಾಚಿಕೊಂಡಿದೆ.

ಕ್ರೀಫಿನ ಪಶ್ಚಿಮಕ್ಕೆ, ಅರ್ನ್ ನದಿಯ ಕಣಿವೆಯ ಗುಡ್ಡವೊಂದರ ನೆತ್ತಿಯಲ್ಲಿ ಗ್ರಾನೈಟಿನ ಎತ್ತರವಾದ ಸ್ತಂಭವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳು ಡೇವಿಡ್ ಬೇರ್ಡ್‌ನ ನೆನಪಿಗಾಗಿ ಅವನ ಹೆಂಡತಿ 1832ರಲ್ಲಿ ಅದನ್ನು ಕಟ್ಟಿಸಿದಳು. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು, ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನೂ ಅವನೇ. ಕೈದಿಗಳನ್ನು ಇಬ್ಬಿಬ್ಬರಂತೆ ಸರಪಳಿಯಿಂದ ಬಿಗಿದಿದ್ದಾರೆಂಬ ಸುದ್ದಿ ಕೇಳಿ ಅವನ ತಾಯಿ, ತನ್ನ ಮಗನ ಜೊತೆ ಸಿಕ್ಕಿಕೊಂಡವನ ಪಾಡಿಗೆ ಮರುಗಿದಳಂತೆ! ಟಿಪ್ಪು ಬಿದ್ದ ಜಾಗವನ್ನು ಬಾಲ್ಯದಿಂದ ಕಂಡ ನಿನಗೆ ಆ ಸ್ತಂಭದೆದುರು ಅಭಿಮಾನವೇನೂ ಉಕ್ಕಲಾರದು, ನನಗೂ ಉಕ್ಕಲಿಲ್ಲ, ಆದರೂ ನೋಡಬೇಕಾದದ್ದೇ.

ನನ್ನ ಮನಸ್ಸು ನೆಟ್ಟದ್ದು ಮಾತ್ರ ಇನ್ನರ್‌ಪೆಫ್ರೆಯ ಗ್ರಂಥಾಲಯದಲ್ಲಿ. ಡೇವಿಡ್ ಡ್ರಮ್ಮಂಡ್ ಎಂಬ ಶ್ರೀಮಂತ 1680ರಲ್ಲಿ ಸುತ್ತಲಿನ ಜನರಿಗಾಗಿ ಅದನ್ನು ಸ್ಥಾಪಿಸಿದ. ಹಣ ಕೇಳದೆ ಸಾರ್ವಜನಿಕರಿಗೆ ಪುಸ್ತಕ ಎರವಲು ಕೊಟ್ಟ ಗ್ರಂಥಾಲಯಗಳಲ್ಲಿ ಸ್ಕಾಟ್ಲೆಂಡಿಗೆ ಇದೇ ಮೊದಲನೆಯದೆಂದು ಹೆಸರಾಗಿದೆ. 1747ರಿಂದ 1968ರವರೆಗೆ ಯಾರು ಯಾವ ಪುಸ್ತಕ ಒಯ್ದರೆಂಬ ದಾಖಲೆ ಅಲ್ಲಿ ಉಳಿದಿದೆ. ನೇಕಾರರು, ಕಲ್ಲುಕುಟಿಗರು, ರೈತರು, ವಿದ್ಯಾರ್ಥಿಗಳು ತಮ್ಮ ಹೆಸರು ಬರೆದು, ಪುಸ್ತಕ ಹಿಂದಿರುಗಿಸುವುದಾಗಿ ಮಾತುಕೊಟ್ಟು ಒಯ್ದಿದ್ದಾರೆ. ಸೇನಾಪತಿಯ ಸ್ತಂಭಕ್ಕಿಂತ ಈ ಕಡತವೇ ಆ ಸೀಮೆಯ ನಿಜವಾದ ಸ್ಮಾರಕವೆಂಬುದು ನನ್ನ ಅಭಿಪ್ರಾಯ. ನೀನು ಒಪ್ಪದಿದ್ದರೆ ವಾದಕ್ಕೆ ಸಿದ್ಧನಿದ್ದೇನೆ.

ಅಲ್ಲಿಂದ ಕಾಮ್ರಿ ದೂರವಿಲ್ಲ. ಹೈಲ್ಯಾಂಡ್ ಬೆಟ್ಟಸೀಮೆಯ ಅಂಚಿನ ಭೂಬಿರುಕಿನ ಬಳಿಯಿರುವ ಈ ಹಳ್ಳಿ ಆಗಾಗ ನಡುಗುತ್ತಿದ್ದುದರಿಂದ, 1874ರಲ್ಲಿ ಕಂಪನ ಅಳೆಯಲೆಂದೇ ಒಂದು ಕಲ್ಲಿನ ಕೋಣೆ ಕಟ್ಟಿದರು. ಕಿಟಕಿಯಲ್ಲಿ ಇಣುಕಿದರೆ ಹಳೆಯ ಉಪಕರಣದ ಮಾದರಿ ಕಾಣುತ್ತದೆ: ಹಲಗೆಗಳ ಮೇಲೆ ಬೇರೆ ಬೇರೆ ದಪ್ಪದ ಮರದ ಗೂಟಗಳು, ಸುತ್ತ ಮರಳು. ನೆಲ ಅದುರಿದಾಗ ಯಾವ ಗೂಟ ಯಾವ ಕಡೆಗೆ ಉರುಳಿತೆಂಬುದರಿಂದ ಕಂಪನದ ಬಲವನ್ನೂ ದಿಕ್ಕನ್ನೂ ತಿಳಿಯುತ್ತಿದ್ದರು.

ಬರುವುದಾದರೆ ಬೇಸಿಗೆಯಲ್ಲೇ ಬಾ. ಚಳಿಗಾಲದಲ್ಲಿ ಗ್ರಂಥಾಲಯ ಸಾಮಾನ್ಯವಾಗಿ ಮುಚ್ಚಿರುತ್ತದೆ, ಹಗಲೂ ಬಹಳ ಕಿರಿದು.

ನಿನ್ನ ಗೆಳೆಯ