ಗೆಳೆಯನಿಗೊಂದು ಪತ್ರ: ಮೊದಲು ಮಳೆ ಅಳೆಯುವವರನ್ನು ಕಾಣು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಕೈಸೇರಿ ಎಂಟು ದಿನವಾಯಿತು. ಇಲ್ಲಿ ಕಕ್ಕಡ ತಿಂಗಳ ಮಳೆ. ಕರೆಂಟು ಹೋಗಿ ಇದು ಮೂರನೆಯ ದಿನ, ಟವರಿನ ಡೀಸೆಲ್ ಮುಗಿದು ಸಿಗ್ನಲ್ಲೂ ಹೋಗಿದೆ. ಮೇಣದಬತ್ತಿ ಹಚ್ಚಿಟ್ಟುಕೊಂಡು ಕಾಗದದ ಮೇಲೆ ಬರೆಯುತ್ತಿದ್ದೇನೆ. ಸಿಗ್ನಲ್ ಬಂದ ಮೇಲೆ ಮೊಬೈಲಿನಲ್ಲಿ ಬೆರಳಚ್ಚು ಮಾಡಿ ಎಲ್ಲರೂ ಓದುವಂತೆ ಹಾಕುತ್ತೇನೆ. ನೀನು ಕೇಳಿದ ಪ್ರಶ್ನೆ ನಿನ್ನೊಬ್ಬನದಲ್ಲ, ಅದಕ್ಕೆ.

ಮೈಸೂರಿನ ಕೆಲಸ ಬಿಟ್ಟು ಬರುತ್ತೇನೆ, ಯಾರ ಹಂಗೂ ಇಲ್ಲದೆ ಕೊಡಗಿನ ಸುದ್ದಿಯನ್ನಷ್ಟೇ ಬರೆಯುವ ಸಂಸ್ಥೆಯೊಂದನ್ನು ಕಟ್ಟುತ್ತೇನೆ, ಒಂದು ವರ್ಷ ದೂಡುವಷ್ಟು ಉಳಿತಾಯವಿದೆ, ಆಮೇಲೆ ಜನ ಹಣ ಕೊಡುತ್ತಾರೆಯೇ ಎಂದು ಕೇಳಿದ್ದೀಯ. ನಿನ್ನ ಪತ್ರದಲ್ಲಿ ಕ್ಯಾಮೆರಾದ ಬೆಲೆ ಇದೆ, ವೆಬ್‌ಸೈಟಿನ ಖರ್ಚಿದೆ, ಮಡಿಕೇರಿಯಲ್ಲಿ ಕಚೇರಿಯ ಬಾಡಿಗೆ ಇದೆ. ಓದುವವರು ಮಾತ್ರ ಹಣ ಕೊಡುವ ಸಾಲಿಗೆ ಬಂದಾಗಲೇ ಮೊದಲ ಬಾರಿಗೆ ಕಾಣಿಸಿಕೊಂಡಿದ್ದಾರೆ. ಅಲ್ಲೇ ನನಗೆ ತಡೆಯಿತು.

ನಮ್ಮ ಪಕ್ಕದ ತೋಟದ ಹಿರಿಯರ ಬೆಳಗನ್ನು ನಿನಗೆ ಹೇಳಬೇಕು. ಎಂತಹ ಮಳೆಯೇ ಇರಲಿ, ಬೆಳಿಗ್ಗೆ ಕಾಫಿ ಕುಡಿಯುವ ಮೊದಲು ಅವರು ಕೊಡೆ ಹಿಡಿದು ಕಾಫಿ ಒಣಗಿಸುವ ಕಣಕ್ಕೆ ಹೋಗುತ್ತಾರೆ. ಅಂಚಿನಲ್ಲಿ ಮೊಣಕಾಲೆತ್ತರದ ಕಲ್ಲಿನ ಮೇಲೆ ಮಳೆಮಾಪಕ ಕೂತಿದೆ. ಮೇಲಿನ ಆಲಿಕೆಯನ್ನು ತೆಗೆದು, ಒಳಗಿನ ಬಾಟಲಿಯ ನೀರನ್ನು ಗಾಜಿನ ಅಳತೆಪಾತ್ರೆಗೆ ನಿಧಾನವಾಗಿ ಸುರಿದು, ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ತುಂಬಿದರೆ ಚೆಲ್ಲಿ ಮತ್ತೆ ಸುರಿಯುತ್ತಾರೆ, ಬಾಯಲ್ಲಿ ಲೆಕ್ಕ ನಡೆದೇ ಇರುತ್ತದೆ. ಒಂದು ಇಂಚಿಗೆ ನೂರು ಸೆಂಟು. 'ಮೂರು ಇಂಚು ನಲವತ್ತು ಸೆಂಟು' ಎಂದು ಹಳೆಯ ಡೈರಿಯಲ್ಲಿ ಬರೆಯುತ್ತಾರೆ. ಅವರ ತಂದೆಯ ಕಾಲದ ಡೈರಿಗಳೂ ಅದೇ ಕಪಾಟಿನಲ್ಲಿವೆ. ಆಮೇಲೆ ತಂಗಿಯ ಮನೆಗೆ ಫೋನು: 'ನಿಮ್ಮಲ್ಲಿ ಎಷ್ಟು?'

ಕೊಡಗಿನಲ್ಲಿ ದಿನದ ಮೊದಲ ಸುದ್ದಿ ಹುಟ್ಟುವುದು ಆ ಪ್ರಶ್ನೆಯಿಂದ. ಭಾಗಮಂಡಲದಲ್ಲಿ ಹೊಳೆ ಉಕ್ಕುತ್ತಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಒಂದು ಬೆಟ್ಟದ ಈಚೆಗೂ ಆಚೆಗೂ ಅಳತೆ ಬೇರೆ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಸರಿಯಾಗಿ ಬಿತ್ತೇ, ಅದರ ಬೆನ್ನಿಗೆ ಬೀಳಬೇಕಾದದ್ದು ಬಿತ್ತೇ ಎಂಬುದರ ಮೇಲೆ ಮುಂದಿನ ವರ್ಷದ ಫಸಲು ನಿಂತಿದೆ. ಹೀಗೆ ಸಾವಿರಾರು ಮನೆಗಳಲ್ಲಿ ಜನ ಯಾರೂ ಹೇಳದೆ, ಯಾರಿಂದಲೂ ಸಂಬಳ ಪಡೆಯದೆ, ನಿಖರವಾಗಿ ಅಳೆದು ಬರೆದಿಡುತ್ತಿದ್ದಾರೆ. ವರದಿಗಾರನಿಗೆ ಬೇಕಾದ ಶಿಸ್ತು ಇದೇ ಅಲ್ಲವೇ? ನೀನು ಬರುವ ಮೊದಲೇ ನಿನ್ನ ಸಂಸ್ಥೆಯ ಅರ್ಧ ಇಲ್ಲಿದೆ.

ನನಗೂ ಇದು ಮೊದಲೇ ಹೊಳೆದದ್ದಲ್ಲ. 2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ ಎಂದು ಒಂದೊಂದೇ ಹೆಸರು ಬರುತ್ತಿದ್ದಾಗ ಮಾದಾಪುರದ ಕಡೆಯಿಂದ ಮಡಿಕೇರಿಗೆ ಹೋಗುವ ರಸ್ತೆಯೇ ಕುಸಿದಿತ್ತು. ಆ ರಾತ್ರಿ ನಮ್ಮ ಗುಂಪಿಗೆ ಒಂದು ಧ್ವನಿಸಂದೇಶ ಬಂತು: ಅಣೆಕಟ್ಟು ಒಡೆದಿದೆ, ಓಡಿ. ಯಾರ ದನಿಯೋ ಗೊತ್ತಿಲ್ಲ. ಮಗಳನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ಕರೆದುಕೊಂಡು ನೆರೆಮನೆಯವರು ಆ ಮಳೆಯಲ್ಲೇ ಹೊರಟುಬಿಟ್ಟರು. ಅಣೆಕಟ್ಟು ಒಡೆದಿರಲಿಲ್ಲ. ಆದರೆ ಹಾಗಲ್ಲ ಎಂದು ಹೇಳಲು, ನಂಬಿಕೆ ಗಳಿಸಿದ ಒಂದು ದನಿ ಆ ಹೊತ್ತಿಗೆ ನಮ್ಮ ಭಾಗದಲ್ಲಿ ಇರಲಿಲ್ಲ. ಬೆಂಗಳೂರಿನ ವಾಹಿನಿಗಳು ಕುಸಿದ ಒಂದೇ ಮನೆಯನ್ನು ದಿನವಿಡೀ ತೋರಿಸಿದವು. ಯಾವ ಊರಿಗೆ ಯಾವ ದಾರಿ ತೆರೆದಿದೆ ಎಂದು ಯಾರೂ ಹೇಳಲಿಲ್ಲ.

ಮರುವರ್ಷದ ಮಳೆಗಾಲಕ್ಕೆ ಮೊದಲು ನಾನು ಮಾಡಿದ್ದು ಇಷ್ಟೇ: ಮಳೆ ಅಳೆಯುವ ಮನೆಗಳಿಗೆ ಹೋಗಿ, ದಿನಾ ಬೆಳಿಗ್ಗೆ ನಿಮ್ಮ ಅಳತೆಯನ್ನು ನನಗೂ ಹೇಳಿ ಎಂದು ಕೇಳಿದೆ. ಬಂದದ್ದನ್ನೆಲ್ಲ ಒಂದು ಪಟ್ಟಿ ಮಾಡಿ ಎಲ್ಲರಿಗೂ ಕಳಿಸಿದೆ; ಮೊಬೈಲ್ ಇಲ್ಲದವರಿಗಾಗಿ ಕೈಯಲ್ಲಿ ಬರೆದ ಹಾಳೆಯನ್ನು ನ್ಯಾಯಬೆಲೆ ಅಂಗಡಿಯ ಗೋಡೆಗೂ ಬಸ್ ತಂಗುದಾಣಕ್ಕೂ ಅಂಟಿಸಿದೆ. ತಿಂಗಳು ಕಳೆಯುವುದರಲ್ಲಿ ಅಳತೆಯ ಜೊತೆಗೆ ಬೇರೆಯದೂ ಬರತೊಡಗಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಆನೆಗಳು ಹೊಳೆ ದಾಟಿ ಮೇಲಿನ ತೋಟಕ್ಕೆ ಬಂದಿವೆ, ಶಾಲೆಯ ಮಕ್ಕಳನ್ನು ಆ ಕಾಲುದಾರಿಯಲ್ಲಿ ಕಳಿಸಬೇಡಿ. ಬರೆಯ (ಗುಡ್ಡದ ಇಳಿಜಾರಿನ) ಮೇಲೆ ಬಿರುಕು ಕಾಣಿಸುತ್ತಿದೆ, ಬಂದು ನೋಡಿ. ನಾನು ಕೇಳಿದ್ದು ಒಂದು ಅಂಕಿ, ಅವರು ಕೊಟ್ಟದ್ದು ಊರು.

ಇನ್ನೊಂದು ಸಂಗತಿಯನ್ನು ನಿನಗೆ ಹೇಳಿಲ್ಲ. ನಾನು ಪತ್ರಿಕೆಯೊಂದಕ್ಕೆ ಬಿಡಿಸುದ್ದಿ ಬರೆಯುತ್ತಿದ್ದ ದಿನಗಳಲ್ಲಿ ನಮ್ಮ ಪಕ್ಕದೂರಿನ ಕಿರುಸೇತುವೆ ದುರಸ್ತಿಯಾಗಿದೆ ಎಂದು ಬರೆದಿದ್ದೆ. ಕಚೇರಿಯಿಂದ ಬಂದ ಪ್ರಕಟಣೆಯಲ್ಲಿ ಹಾಗಿತ್ತು, ನಾನು ಹೋಗಿ ನೋಡಿರಲಿಲ್ಲ. ಸುದ್ದಿ ಅಚ್ಚಾದ ಮೂರನೆಯ ದಿನ ಒಬ್ಬರು ಅಜ್ಜಿ ಆ ತುಣುಕನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ನಡೆದು ಬಂದರು. ನನ್ನ ಮುಂದೆ ಬಿಡಿಸಿ ಹಿಡಿದು, 'ಇದನ್ನು ಬರೆದವನು ನೀನೇನಾ ಮಗಾ? ಬಾ, ದಾಟಿ ತೋರಿಸು' ಎಂದರು. ಹೋದೆ. ಅಡಿಕೆ ಮರದ ಎರಡು ದಬ್ಬೆ, ಹಿಡಿಯಲು ಒಂದು ಬಳ್ಳಿ. ಅವರು ಚಪ್ಪಲಿ ಕೈಯಲ್ಲಿ ಹಿಡಿದು ನನ್ನ ಮುಂದೆಯೇ ದಾಟಿದರು. ಆ ತಪ್ಪನ್ನು ಸರಿಪಡಿಸಿ ಬರೆದುಕೊಟ್ಟೆ, ಪತ್ರಿಕೆಯಲ್ಲಿ ಬರಲಿಲ್ಲ. ಅಂದಿನಿಂದ ನೋಡದೆ ಒಂದು ಸಾಲನ್ನೂ ಬರೆದಿಲ್ಲ. ನಮ್ಮ ಹಾಳೆಯಲ್ಲಿ ತಪ್ಪಾದರೆ ತಿದ್ದುಪಡಿ ಎಲ್ಲಕ್ಕಿಂತ ಮೇಲೆ ಬರುತ್ತದೆ, ಯಾರು ಎತ್ತಿ ತೋರಿಸಿದರೆಂಬುದೂ ಅವರ ಒಪ್ಪಿಗೆ ಇದ್ದರೆ ಜೊತೆಯಲ್ಲೇ ಬರುತ್ತದೆ. ಆ ಅಜ್ಜಿ ಈಗ ನಮ್ಮ ಹಾಳೆಯನ್ನು ಮೊಮ್ಮಗಳಿಂದ ಓದಿಸಿಕೊಳ್ಳುತ್ತಾರೆ.

ಈಗ ಹಣದ ಮಾತು. ಜಿಲ್ಲೆಯ ಬಿಡಿಸುದ್ದಿಗಾರರ ಬದುಕು ನಿನಗೆ ಗೊತ್ತು. ಸುದ್ದಿಗೆ ಸಿಗುವುದು ಅಷ್ಟಕ್ಕಷ್ಟೆ. ವಿಶೇಷ ಪುರವಣಿಗೆ ಜಾಹೀರಾತು ತರಬೇಕು, ತಂದದ್ದರಲ್ಲಿ ಕಮಿಷನ್. ಹುಟ್ಟುಹಬ್ಬದ ಶುಭಾಶಯ ಹಾಕಿಸಿದವರ ಮೇಲೆ ಮಾರನೆಯ ದಿನ ಬರೆಯಲು ಕೈ ಬರುವುದಿಲ್ಲ. ಮನುಷ್ಯ ಕೆಟ್ಟವನೆಂದಲ್ಲ, ಅವನ ಮನೆಯ ಅಕ್ಕಿ ಆ ಜಾಹೀರಾತಿನಿಂದ ಬಂದಿದೆ. ಹಾಗಾಗಿ ಜಾಹೀರಾತೇ ಬೇಡ ಎಂದು ನಾನು ಹೇಳುವುದಿಲ್ಲ. ನರ್ಸರಿಯವರದು, ಹಾರ್ಡ್‌ವೇರ್ ಅಂಗಡಿಯದು, ಮದುವೆ, ತಿಥಿಯ ಪ್ರಕಟಣೆ, ಇವೆಲ್ಲ ಊರಿನ ಸುದ್ದಿಯೇ. ಆದರೆ ಯಾವ ಒಬ್ಬರೂ ನಿಲ್ಲಿಸಿದರೆ ನೀನು ಬೀಳುವಂತಾಗಬಾರದು.

ಕೊಡಗಿನವರು ತಮ್ಮ ಊರಿನ ಪತ್ರಿಕೆಗೆ ಹಣ ಕೊಡುವುದಿಲ್ಲ ಎಂಬ ನಿನ್ನ ಅಂಜಿಕೆಗೆ ಆಧಾರವಿಲ್ಲ. 'ಶಕ್ತಿ' ದಿನಪತ್ರಿಕೆ 1957ರಿಂದ ಮಡಿಕೇರಿಯಲ್ಲಿ ಅಚ್ಚಾಗುತ್ತಿದೆ, ಜನ ಕೊಂಡು ಓದುತ್ತಿದ್ದಾರೆ. ಹಣ ಕೇಳುವ ಹೊತ್ತನ್ನು ಮಾತ್ರ ನೀನು ಈ ನೆಲದಿಂದ ಕಲಿಯಬೇಕು. ತಿಂಗಳ ಚಂದಾ ಎಂದು ಬರೆದಿದ್ದೀಯ. ಬೆಳೆಗಾರನ ಕೈಗೆ ತಿಂಗಳ ಸಂಬಳ ಬರುವುದಿಲ್ಲವಲ್ಲ. ಕೊಯ್ಲು ಮುಗಿದು, ಕಾಫಿ ಒಣಗಿ, ಮೂಟೆ ಮಾರಿದಾಗ ಒಮ್ಮೆ ಬರುತ್ತದೆ, ಕರಿಮೆಣಸಿನಿಂದ ಇನ್ನಷ್ಟು. ಅವರಿಂದ ವರ್ಷಕ್ಕೊಮ್ಮೆ, ಮಾರ್ಚ್ ಹೊತ್ತಿಗೆ ಕೇಳು. ಆಗಸ್ಟಿನಲ್ಲಿ ಕೇಳಿದರೆ ಕೊಡುವ ಮನಸ್ಸಿದ್ದರೂ ಕೈ ಖಾಲಿ ಇರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಇರುವವರಿಗೆ ವಾರದ ಬಟವಾಡೆ. ಅವರು ಸಂತೆಯ ದಿನ ಹತ್ತು ರೂಪಾಯಿ ಕೊಡಬಲ್ಲರು, ವರ್ಷದ್ದು ಒಟ್ಟಿಗೆ ಕೊಡಲಾರರು. ಅಂಗಡಿಯವರದು ಇನ್ನೊಂದು ಲೆಕ್ಕ.

ಲೈನ್ ಮನೆಯ ಮಾತು ಬಂತು. ನನ್ನ ನಿದ್ದೆ ಕೆಡಿಸುವ ವಿಷಯವೂ ಅದೇ. ಮಳೆಮಾಪಕ ಇರುವುದು ತೋಟ ಇರುವವರ ಮನೆಯಲ್ಲಿ. ಅವರ ಅಳತೆಯಿಂದ, ಅವರ ಹಣದಿಂದ ಮಾತ್ರ ನಡೆಯುವ ಸಂಸ್ಥೆ ನಾಳೆ ಲೈನ್ ಮನೆಗೆ ನೀರಿಲ್ಲ, ಶೌಚಾಲಯವಿಲ್ಲ ಎಂದು ಬರೆದೀತೇ? ಆದಿವಾಸಿಗಳ ಹಾಡಿಯ ಯರವರ, ಜೇನುಕುರುಬರ ಮಾತನ್ನು ಯಾರು ತಂದಾರು? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ರಾಜ್ಯದ ಕ್ಯಾಮೆರಾಗಳೆಲ್ಲ ಬಂದವು. ಆಮೇಲೆ ಆ ಕುಟುಂಬಗಳು ಕುಶಾಲನಗರದ ಬಳಿಯ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಬಂದವು. ಅಲ್ಲಿ ಮೊದಲ ಮಳೆಗಾಲ ಹೇಗಿತ್ತು, ಕೆಲಸಕ್ಕೆ ಎಷ್ಟು ದೂರ ಹೋಗಬೇಕಾಯಿತು, ಮಕ್ಕಳು ಯಾವ ಶಾಲೆಗೆ ಸೇರಿದರು ಎಂಬುದು ಊರಲ್ಲೇ ಇರುವ ಸುದ್ದಿಗಾರ ಬರೆಯಬೇಕಾದದ್ದು. ಅದಕ್ಕೆ ಹಾಡಿಯಿಂದಲೇ ಬಂದ ಒಬ್ಬಳು ಹುಡುಗಿ ನಿನ್ನ ಮೊದಲ ಸಂಬಳದ ವರದಿಗಾರ್ತಿಯಾಗಬೇಕು, ಎರಡನೆಯದಲ್ಲ, ಮೊದಲನೆಯದು. ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಆರಂಭವಾದ 'ಖಬರ್ ಲಹರಿಯಾ'ವನ್ನು ನೋಡು. ದಲಿತ ಹೆಣ್ಣುಮಕ್ಕಳು ಸೇರಿದಂತೆ ಹಳ್ಳಿಯ ಹೆಂಗಸರೇ ಅದರ ವರದಿಗಾರರು. ದೊಡ್ಡ ಪತ್ರಿಕೆಗಳು ಹೋಗದ ಊರುಗಳಿಗೆ ಅವರು ಹೋದರು, ಬುಂದೇಲಿಯಲ್ಲಿ ಬರೆದರು. ನಮ್ಮಲ್ಲಿ ಕೊಡವ ತಕ್ಕ್ ಇದೆ, ಅರೆಭಾಷೆ ಇದೆ, ಯರವ ನುಡಿ ಇದೆ. ಓದಲು ಕನ್ನಡ ಸಾಕು, ಆದರೆ ಸಂಕಟ ಹೇಳಿಕೊಳ್ಳುವವರು ತಮ್ಮ ಮಾತಿನಲ್ಲೇ ಹೇಳಿಕೊಳ್ಳುವಂತಿರಬೇಕು.

ಒಡೆತನದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ: ಸಹಕಾರಿಯಾಗಿ ಕಟ್ಟು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಕೊಡಗಿನಲ್ಲಿ ಷೇರು, ಮಹಾಸಭೆ, ಲೆಕ್ಕಪರಿಶೋಧನೆ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ; ಗೊಬ್ಬರ ತರುವುದೂ ಸಾಲ ತೆಗೆಯುವುದೂ ಸಂಘದಿಂದಲೇ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಎಂಬತ್ತು ಎಕರೆಯವರಿಗೂ ಒಂದು, ಕಾಫಿ ಕುಯ್ಯುವ ಅಕ್ಕನಿಗೂ ಒಂದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 'ಬ್ರಿಸ್ಟಲ್ ಕೇಬಲ್' ಎಂಬ ಪತ್ರಿಕೆ 2014ರಿಂದ ಹೀಗೆಯೇ ನಡೆಯುತ್ತಿದೆ: ಓದುಗರು ಚಂದಾ ಕೊಟ್ಟು ಸದಸ್ಯರಾಗುತ್ತಾರೆ, ಸದಸ್ಯರೇ ಮಾಲೀಕರು, ಎಂತಹ ಜಾಹೀರಾತು ತೆಗೆದುಕೊಳ್ಳಬಹುದು ಎಂಬುದಕ್ಕೂ ಅವರ ಮತವಿದೆ. ಅಲ್ಲಿ ನಡೆದದ್ದು ಇಲ್ಲಿಯೂ ಹಾಗೇ ನಡೆದೀತೆಂದು ನಾನು ಹೇಳುತ್ತಿಲ್ಲ. ಸದಸ್ಯರು ಹಣ ಹಾಕಿ ಸುಮ್ಮನಿರದೆ, ಈ ವರ್ಷ ಯಾವುದನ್ನು ಅಗೆದು ಬರೆಯಬೇಕೆಂದು ಸಭೆಯಲ್ಲಿ ಕೂತು ವಾದಿಸುತ್ತಾರಲ್ಲ, ಅದು ನಮಗೆ ಬೇಕು. ಆದರೆ ಬರೆದದ್ದನ್ನು ತಡೆಯುವ ಹಕ್ಕು ಸಭೆಗೂ ಇರಬಾರದು, ಆಡಳಿತ ಮಂಡಳಿಗೂ ಇರಬಾರದು. ಇದನ್ನು ಉಪವಿಧಿಯಲ್ಲೇ ಬರೆಸು. ಆಮೇಲೆ ನೋಡೋಣ ಎಂದರೆ ಆಗುವುದಿಲ್ಲ.

ರೇಡಿಯೊ ಮಾಡೋಣವೇ ಎಂದಿದ್ದೀಯ. ಸಮುದಾಯ ರೇಡಿಯೊಗೆ ಸ್ವಂತ ಸುದ್ದಿ ಬಿತ್ತರಿಸುವ ಅನುಮತಿ ಇಲ್ಲ, ಆಕಾಶವಾಣಿಯ ವಾರ್ತೆಯನ್ನಷ್ಟೇ ಮರುಪ್ರಸಾರ ಮಾಡಬಹುದು. ಹವಾಮಾನ, ರಸ್ತೆ, ವಿದ್ಯುತ್, ವಿಪತ್ತಿನ ಮಾಹಿತಿಗೆ ಅಡ್ಡಿಯಿಲ್ಲ. ಮಳೆಗಾಲಕ್ಕೆ ಅದೇ ದೊಡ್ಡದು, ಆದರೆ ಅದೊಂದೇ ಸಾಲದು. ಅಚ್ಚಿನ ಪತ್ರಿಕೆಯಾದರೆ 2024ರ ಮಾರ್ಚ್ 1ರಿಂದ ಹೊಸ ನೋಂದಣಿ ಕಾಯ್ದೆ ಜಾರಿಯಲ್ಲಿದೆ, ಅರ್ಜಿ ಆನ್‌ಲೈನಿನಲ್ಲೇ. ಅದನ್ನು ನೀನೇ ಓದಿಕೊಳ್ಳುತ್ತೀಯ.

ಮಡಿಕೇರಿಯ ಕಚೇರಿ ಸದ್ಯಕ್ಕೆ ಬೇಡ. ಆ ಬಾಡಿಗೆಯಲ್ಲಿ ಒಬ್ಬರಿಗೆ ಸಂಬಳ ಕೊಡಬಹುದು. ಮೊದಲ ಆರು ತಿಂಗಳು ಬರೆಯದಿದ್ದರೂ ಚಿಂತೆಯಿಲ್ಲ. ಗ್ರಾಮಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳು. ಶನಿವಾರಸಂತೆ, ಸುಂಟಿಕೊಪ್ಪ, ಗೋಣಿಕೊಪ್ಪ, ಸಿದ್ದಾಪುರ, ಎಲ್ಲಿಗೆ ಹೋದರೂ ನಿಮ್ಮ ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿಯದೆ ಉಳಿದಿರುವುದು ಏನು ಎಂದು ಕೇಳು. ಬಂದ ಹಣ, ಹೋದ ಹಣದ ಲೆಕ್ಕವನ್ನು ಮಳೆಯ ಪಟ್ಟಿಯ ಪಕ್ಕದಲ್ಲೇ ಅಂಟಿಸು. ನಾನು ಅಂಟಿಸುತ್ತೇನೆ, ಜನ ನಿಂತು ಓದುತ್ತಾರೆ, ಒಮ್ಮೆ ಕೂಡಿಸಿದ್ದು ತಪ್ಪಿದೆಯೆಂದು ಶಾಲೆಯ ಹುಡುಗನೊಬ್ಬ ಪೆನ್ಸಿಲಿನಲ್ಲಿ ತಿದ್ದಿಟ್ಟಿದ್ದ.

ಬರುವಾಗ ಒಂದು ಕೆಲಸ ಮಾಡು. ಕೆಳಗಿನ ಲೈನ್ ಮನೆಯಲ್ಲಿ ಒಬ್ಬ ಅಕ್ಕ, ತನ್ನ ಮಗನೂ ಮಳೆ ಅಳೆದು ಹಾಳೆಗೆ ಕೊಡಬಹುದೇ ಎಂದು ಎರಡು ಸಲ ಕೇಳಿದ್ದಾರೆ. ಹಳೆಯ ಮಾಪಕವೊಂದು ನನ್ನ ಬಳಿ ಇದೆ, ಅದರ ಗಾಜಿನ ಅಳತೆಪಾತ್ರೆ ಒಡೆದಿದೆ. ಮೈಸೂರಿನಲ್ಲಿ ಸಿಗಬಹುದು. ಇಂಚು, ಸೆಂಟಿನ ಗೆರೆ ಇರುವುದನ್ನೇ ನೋಡಿ ತಾ, ಮಿಲಿಮೀಟರಿನದು ಬೇಡ. ಬಟ್ಟೆಯ ನಡುವೆ ಇಟ್ಟುಕೊಂಡು ಬಾ, ನಮ್ಮ ಕಡೆಯ ರಸ್ತೆ ಇನ್ನೂ ಸರಿಯಾಗಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ನಿನ್ನ ಗೆಳೆಯ