ಸಮುದ್ರಕ್ಕೂ ಆ ಸೈಟಿಗೂ ಏನು ಸಂಬಂಧ ಅಂದಿರಲ್ಲ, ಅಪ್ಪ

ಹೋಬಾರ್ಟ್, ಟಾಸ್ಮೇನಿಯಾ, ಆಸ್ಟ್ರೇಲಿಯಾ
ಭಾನುವಾರ ರಾತ್ರಿ

ಅಮ್ಮಾ,

ನಾನು ಚೆನ್ನಾಗಿದ್ದೇನೆ, ನೀವೆಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ.

ನಿನ್ನ ಪತ್ರ ಓದಿದ ಮೇಲೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಅಪ್ಪ ಸರ್ಜಾಪುರ ರಸ್ತೆ ಕಡೆ ರಾಜಕಾಲುವೆ ಪಕ್ಕದ ಸೈಟಿಗೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದಾರೆ, ರೇಟು ಕಡಿಮೆ ಅಂತೆ ಅಂತ ಒಂದೇ ಸಾಲು ಬರೆದು ಅತ್ತಿಗೆಯ ಸೀಮಂತದ ವಿಷಯಕ್ಕೆ ಹೋಗಿಬಿಟ್ಟಿದ್ದೀಯಲ್ಲ! ಪಿಂಚಣಿ ದುಡ್ಡು ಅದು. ಇಲ್ಲಿಂದ ಮುಂದಿನದನ್ನು ಅಪ್ಪನಿಗೆ ಓದಿ ಹೇಳು.

ಅಪ್ಪ, ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಸಮುದ್ರ ಬಿಸಿಯಾದರೆ ನಮಗೇನು ಅಂತ ಫೋನಿನಲ್ಲಿ ಕೇಳಿದಿರಿ. ಆವತ್ತು ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ.

ಅಜ್ಜಿ ಮನೆಯ ಬಚ್ಚಲ ಹಂಡೆ ನೆನಪಿದೆಯಾ? ನೀರು ಕಾಯಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಆದರೆ ಒಲೆ ಆರಿದ ಮೇಲೂ ಮಧ್ಯಾಹ್ನದ ತನಕ ಬಿಸಿ ಇರುತ್ತಿತ್ತು. ಸಮುದ್ರವೂ ಹಾಗೇ. ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಿಂದ ಭೂಮಿಯ ಮೇಲೆ ಜಾಸ್ತಿಯಾದ ಶಾಖದಲ್ಲಿ 100ಕ್ಕೆ 90 ಭಾಗ ಸಮುದ್ರದ ಒಳಗೆ ಹೋಗಿದೆ. ಅದು ನುಂಗಿಕೊಂಡಿದ್ದಕ್ಕೆ ನಾವು ಇಷ್ಟರಲ್ಲಿ ಬದುಕಿದ್ದೇವೆ. ಆದರೆ ನುಂಗಿದ್ದನ್ನು ಒಳಗೇ ಇಟ್ಟುಕೊಳ್ಳುವುದಿಲ್ಲ. ನೀರು ಬಿಸಿಯಾದಷ್ಟೂ ಆವಿ ಜಾಸ್ತಿ ಏಳುತ್ತದೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಹೆಚ್ಚು ಆವಿ ಹೊತ್ತುಕೊಳ್ಳುತ್ತದೆ, ಆ ಆವಿಯೇ ಅಲ್ವಾ ನಮಗೆ ಮಳೆ? ನಮ್ಮ ಹಿಂದೂ ಮಹಾಸಾಗರ 1950ರಿಂದ 2020ರ ಒಳಗೆ ಸುಮಾರು 0.8 ಡಿಗ್ರಿ ಬಿಸಿಯಾಗಿದೆ. ಹಾಗಾಗಿ ವಾರಗಟ್ಟಲೆ ಹದವಾಗಿ ಬೀಳುತ್ತಿದ್ದ ಮಳೆ ಈಗ ಒಂದೇ ರಾತ್ರಿ ಸುರಿದುಬಿಡುತ್ತದೆ.

2022ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಒಂದು ದಿನದಲ್ಲಿ 130 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಬೆಳ್ಳಂದೂರು ಕಡೆ ದೋಣಿ, ಟ್ರ್ಯಾಕ್ಟರ್‌ನಲ್ಲಿ ಜನರನ್ನು ಹೊರಗೆ ತಂದರು. ಕೆರೆ, ಕಾಲುವೆ ಒತ್ತುವರಿ ಮಾಡಿದ ತಪ್ಪು ಮೊದಲನೆಯದು, ನಾನು ಒಪ್ಪುತ್ತೇನೆ. ಆದರೆ ಆ ಕಿರಿದಾದ ಕಾಲುವೆಗೆ ಮುಂದೆ ಇನ್ನೂ ಜಾಸ್ತಿ ನೀರು ಬರುತ್ತದೆ ಅಪ್ಪ. ಮರುವರ್ಷ ಉಲ್ಟಾ ಆಯಿತು. ಪೆಸಿಫಿಕ್ ಸಾಗರ ಬಿಸಿಯಾಗಿ ಎಲ್ ನಿನೋ ಬಂತು, ರಾಜ್ಯದ ಬಹುತೇಕ ಎಲ್ಲ ತಾಲ್ಲೂಕಿಗೂ ಬರ, 2024ರ ಬೇಸಿಗೆಗೆ ನಮ್ಮ ಬೋರ್‌ವೆಲ್ ಬತ್ತಿ ನೀವು ಟ್ಯಾಂಕರ್‌ಗೆ ದುಡ್ಡು ಸುರಿದಿರಿ. ಮುಳುಗಿದ್ದಕ್ಕೂ ಒಣಗಿದ್ದಕ್ಕೂ ಸಮುದ್ರದ ಸಂಬಂಧ ಇದೆ.

ಇಲ್ಲಿ ಇದು ಕಣ್ಣೆದುರೇ ಇದೆ. 2015-16ರಲ್ಲಿ ಇಲ್ಲಿನ ಟಾಸ್ಮನ್ ಸಮುದ್ರ ಸತತ 251 ದಿನ ಬಿಸಿಯೇರಿತ್ತು. ಸಿಂಪಿ ಸಾಕುವವರ ಸಿಂಪಿಗಳಿಗೆ ರೋಗ ಬಂತು. ನೀರಿನೊಳಗೆ ಮರದಷ್ಟು ಎತ್ತರ ಬೆಳೆಯುವ ಕೆಲ್ಪ್ ಅನ್ನೋ ಪಾಚಿಯ ಕಾಡು ಇತ್ತಂತೆ, ಈಗ ಹೆಚ್ಚಿನದು ಹೋಗಿದೆ. ಬಂದರಿನಲ್ಲಿ ದೋಣಿಯಿಂದಲೇ ಮೀನು ಮಾರುವ ಮುದುಕರೊಬ್ಬರು ಅದರ ಬಗ್ಗೆ ಹೇಳುವಾಗ ಅವರ ದನಿಯೇ ಬದಲಾಗುತ್ತದೆ. ಬಿಸಿಲಿಗಿಟ್ಟ ಸೋಡಾದಿಂದ ಗ್ಯಾಸ್ ಹೋಗುವ ಹಾಗೆ, ಬಿಸಿ ಸಮುದ್ರ ನಮ್ಮ ಹೊಗೆಯನ್ನೂ ಕಡಿಮೆ ಹಿಡಿದುಕೊಳ್ಳುತ್ತದೆ. ಆಗ ಗಾಳಿ ಇನ್ನೂ ಬಿಸಿ.

ನಮ್ಮ ಲ್ಯಾಬ್‌ನಲ್ಲಿ ನಾನು ಪರೀಕ್ಷೆ ಮಾಡುವುದು ಆರ್ಗೋ ತೇಲುಯಂತ್ರಗಳನ್ನು. ಪ್ರಪಂಚದ ಸಮುದ್ರಗಳಲ್ಲಿ ಸುಮಾರು 4,000 ಇವೆ. 2,000 ಮೀಟರ್ ಆಳಕ್ಕೆ ಮುಳುಗಿ, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ನೀರಿನ ಬಿಸಿ ಎಷ್ಟು ಅಂತ ಉಪಗ್ರಹಕ್ಕೆ ಹೇಳುತ್ತವೆ. ನಿಮ್ಮ ಮಗಳ ಕೈ ದಾಟಿ ಹೋದ ಯಂತ್ರಗಳು ಅವು. ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ದಯವಿಟ್ಟು ರಿಜಿಸ್ಟ್ರೇಷನ್ ಈಗ ಮಾಡಿಸಬೇಡಿ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ತೆಗೆಸಿ ಕಾಲುವೆ ಎಲ್ಲಿ ಹೋಗುತ್ತದೆ ನೋಡಿ. ಅಕ್ಟೋಬರ್ ತನಕ ಕಾಯಿರಿ, ದೊಡ್ಡ ಮಳೆ ಬಂದ ಮರುದಿನ ಅಣ್ಣನ ಜೊತೆ ಹೋಗಿ ಅಲ್ಲಿ ಎಷ್ಟು ನೀರು ನಿಂತಿದೆ ಅಂತ ಕಣ್ಣಾರೆ ನೋಡಿ. ಅಡ್ವಾನ್ಸ್ ವಾಪಸ್ ಬರದಿದ್ದರೆ ಆ ಎರಡು ಲಕ್ಷ ನಾನು ಕಳಿಸುತ್ತೇನೆ. ನನ್ನ ಹತ್ತಿರ ಇದೆ, ನಿಜವಾಗಲೂ ಇದೆ, ನನಗೇನೂ ಕಷ್ಟ ಆಗುವುದಿಲ್ಲ.

ಅಮ್ಮಾ, ಚಳಿ ಬಗ್ಗೆ ಚಿಂತೆ ಬೇಡ. ಇಲ್ಲಿ ಜೂನ್ ತಿಂಗಳ ಕೊರೆಯುವ ಚಳಿಯಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಜನ ಗುಂಪುಗುಂಪಾಗಿ ನದಿಗೆ ಇಳಿದು ನಗುತ್ತಾ ಮೀಯುತ್ತಾರೆ, ನಾನು ಎರಡು ಸ್ವೆಟರ್ ಹಾಕಿಕೊಂಡು ದಡದಲ್ಲಿ ನಿಂತು ನೋಡಿದೆ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತೇನೆ, ಅನ್ನ ಸಾರು ದಿನಾ ಮಾಡುತ್ತೇನೆ, ಕೆಮ್ಮು ಪೂರ್ತಿ ಹೋಗಿದೆ, ಹೋಗಿ ವಾರ ಆಯಿತು. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ, ಈ ಪತ್ರ ಓದಿದ ಮೇಲೆ ಅವರ ಜೊತೆ ಜಗಳ ಆಡಬೇಡ. ಅತ್ತಿಗೆಗೆ ಸೀರೆ ಬಣ್ಣ ಯಾವುದು ಬೇಕು ಕೇಳು. ಬೆಳಗ್ಗೆ ಬೇಗ ಬಂದರಿಗೆ ಹೋಗಬೇಕು, ಇನ್ನೂ ಅಲಾರಂ ಇಟ್ಟಿಲ್ಲ. ಬುಧವಾರ ಫೋನ್ ಮಾಡುತ್ತೇನೆ, ಅಪ್ಪ ಮನೆಯಲ್ಲಿರಲಿ.

ನಿಮ್ಮ
ಪುಟ್ಟಿ