'ಸುಮ್ನೆ ಹೋಗೋಣ' ಅನ್ನೋ ಮಂಜನಿಗೆ

ಪ್ರೀತಿಯ ಮಂಜ,

ದಸರಾ ರಜೆಗೆ ಬಿಡದಿ ಹತ್ರದ ವಂಡರ್‌ಲಾ ಥೀಮ್ ಪಾರ್ಕು, ಬೇಸಿಗೆಗೆ ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್ ಅಂತ ಬರೆದಿದ್ದೀಯ. ಅದರ ಕೆಳಗೆ ಒಂದು ಸಾಲು: "ಪ್ಲಾನು ಗೀನು ಬೇಡ ಕಣೋ, ಸುಮ್ನೆ ಹೋಗೋಣ, ಅಲ್ಲೇ ನೋಡ್ಕೊಂಡ್ರಾಯ್ತು." ಅದರ ಕೆಳಗೆ ಇನ್ನೊಂದು: "ಅಂದಹಾಗೆ ಎಷ್ಟು ಗಂಟೆಗೆ ಹೊರಡೋದು, ಊಟ ಯಾವಾಗ, ಅಮ್ಮನ್ನ ಎಲ್ಲಿ ಕೂರಿಸೋದು, ಬೇಗ ಹೇಳು." ಈ ಎರಡು ಸಾಲಿನ ಬಗ್ಗೆ ನನಗೊಂದು ಮಾತಿದೆ, ಕೊನೆಗೆ ಹೇಳ್ತೀನಿ. ಮೊದಲು ಲೆಕ್ಕ, ಆಮೇಲೆ ಕಣ್ಣೀರು.

ಇದನ್ನ ನಾಲ್ಕು ಜನ ಓದೋ ಕಡೆ ಹಾಕಿದ್ದಕ್ಕೆ ಬೈಕೋಬೇಡ. ರಜೆ ಹತ್ರ ಬಂತು ಅಂದ್ರೆ ನಮ್ಮ ತುಮಕೂರಲ್ಲಿ ಬಟವಾಡಿಯಿಂದ ಶಿರಾ ಗೇಟ್‌ವರೆಗೆ ಎಲ್ಲರದ್ದೂ ಇದೇ ಪ್ರಶ್ನೆ. ಒಂದೇ ಸಲ ಬರೆದು ಕೈ ತೊಳ್ಕೊಳ್ಳೋಣ ಅಂತ.

ಸುಮ್ನೆ ಹೋಗೋದಕ್ಕೆ ನಂದೇನೂ ತಕರಾರಿಲ್ಲ. ದೇವರಾಯನದುರ್ಗಕ್ಕೆ ಸುಮ್ನೇನೇ ಹೋಗಬೇಕು. ಬೆಟ್ಟ ಗಂಟೆಗೆ ಇಷ್ಟೇ ಜನ ಅಂತ ಯಾರನ್ನೂ ತಡೆಯಲ್ಲ, ನಾಮದ ಚಿಲುಮೆ ಬೆಳಿಗ್ಗೆ ಹೋದವನಿಗೂ ಮಧ್ಯಾಹ್ನ ಹೋದವನಿಗೂ ಅದೇ ನೀರು ಕೊಡುತ್ತೆ. ಈ ಸಲ ತಪ್ಪಿದ್ರೆ ಬರೋ ಭಾನುವಾರ ಇದೆ. ಥೀಮ್ ಪಾರ್ಕಲ್ಲಿ ನಡೆಯೋದು ಸೀಟಿನ ಲೆಕ್ಕ. ಒಂದು ರೈಡಲ್ಲಿ 40 ಸೀಟು ಅಂತಿಟ್ಕೋ. ಜನಾನ ಹತ್ತಿಸಿ, ಬೆಲ್ಟು ಎಳೆದು ನೋಡಿ, ಓಡಿಸಿ, ಇಳಿಸೋದಕ್ಕೆ ಒಟ್ಟು 5 ನಿಮಿಷ. ಗಂಟೆಗೆ 12 ಸುತ್ತು, 480 ಜನ. ನಿನ್ನ ಮುಂದೆ 240 ತಲೆ ಇದ್ರೆ ಆರು ಸುತ್ತು, ಅರ್ಧ ಗಂಟೆ. ಕ್ಯೂ ಎಷ್ಟು ಉದ್ದ ಇದೆ ಅನ್ನೋದು ಮುಖ್ಯ ಅಲ್ಲ. ಒಂದು ಸುತ್ತಿಗೆ ಎಷ್ಟು ಜನ ಒಳಗೆ ಹೋದ್ರು, ಮುಂದಿನ ಸುತ್ತು ಎಷ್ಟು ನಿಮಿಷಕ್ಕೆ ಬಂತು, ಇವೆರಡನ್ನ ನಿಂತು ನೋಡು. ಉದ್ದ ಕ್ಯೂ ಸರಸರ ಕರಗಿಬಿಡಬಹುದು, ಗಿಡ್ಡ ಕ್ಯೂ ಮುಕ್ಕಾಲು ಗಂಟೆ ತಿನ್ನಬಹುದು.

ವಂಡರ್‌ಲಾದ ರಿಕಾಯಿಲ್ ಈ ಎರಡನೇ ಜಾತಿಗೆ ಸೇರಿದ್ದು. ಮುಂದಕ್ಕೆ ಹೋಗಿ ಅದೇ ಹಳಿ ಮೇಲೆ ಹಿಮ್ಮುಖವಾಗಿ ವಾಪಸ್ ಬರೋ ಕೋಸ್ಟರ್. ಹೋದದ್ದು ಬಂದು ನಿಲ್ಲೋವರೆಗೆ ಇನ್ನೊಂದು ಟ್ರೈನು ಹಳಿಗೆ ಬಿಡೋಕಾಗಲ್ಲ. ಅದಕ್ಕೇ ಅಲ್ಲಿ ಕ್ಯೂ ಕದಲಲ್ಲ. ಅಂಥದ್ದನ್ನೆಲ್ಲ ಬಾಗಿಲು ತೆಗೆದ ಮೊದಲ ಗಂಟೇಲೇ ಮುಗಿಸ್ಬೇಕು. ಅಲೆ ಬರೋ ಕೊಳಕ್ಕೆ ಸೀಟಿಲ್ಲ, ಯಾವಾಗ ಬೇಕಾದ್ರೂ ಇಳಿ. ಸೀಟು ಕಮ್ಮಿ ಇರೋದು ಮೊದಲು, ಸೀಟೇ ಇಲ್ಲದ್ದು ಕೊನೆಗೆ. ಹೋಗೋ ಮುಂಚೆ ನಾನು ಪ್ಲಾನ್ ಬರೆದುಕೊಡೋದನ್ನ ಹಾಳೆ ಹಾಳೆ ಅಂತ ನೀವೆಲ್ಲ ಆಡ್ಕೊಳ್ತೀರಲ್ಲ, ಅದರಲ್ಲಿ ಇದಕ್ಕಿಂತ ದೊಡ್ಡ ವಿದ್ಯೆ ಏನೂ ಇಲ್ಲ.

ಹೆಚ್ಚು ದುಡ್ಡು ಕೊಟ್ಟು ಬೇರೆ ಕ್ಯೂಲಿ ಬೇಗ ಹೋಗೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೊಂಡ್ರೆ ಪ್ಲಾನೇ ಬೇಡ ಅಂತೀಯ, ಗೊತ್ತು. ಆದ್ರೆ ಆ ಟಿಕೆಟ್ಟಿಂದ ರೈಡಿಗೆ ಒಂದು ಸೀಟೂ ಹೆಚ್ಚಾಗಲ್ಲ. ಅದೇ 480ರಲ್ಲಿ ಅರ್ಧ ಆ ಕಡೆಗೆ ಹೋದ್ರೆ ಈ ಕಡೆ ನಿಂತವನ ಅರ್ಧ ಗಂಟೆ ಒಂದು ಗಂಟೆ ಆಗುತ್ತೆ. ರಜಾ ದಿನದ ಶನಿವಾರ, ಭಾನುವಾರ ಹೋಗಲೇಬೇಕಾದ್ರೆ ತಗೋ. ಮಂಗಳವಾರವೋ ಬುಧವಾರವೋ ಹೋಗೋಕಾದ್ರೆ ಆ ದುಡ್ಡಲ್ಲಿ ಮಕ್ಕಳಿಗೆ ಊಟ ಕೊಡಿಸು.

ಈ ಜಗಳ ನಮ್ಮದು ಮಾತ್ರ ಅಲ್ಲ ಅನ್ನೋದು ಸ್ವಲ್ಪ ಸಮಾಧಾನ. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನವರು 1999ರಲ್ಲಿ ಫಾಸ್ಟ್‌ಪಾಸ್ ಅಂತ ತಂದ್ರು. ರೈಡಿನ ಹತ್ರ ಯಂತ್ರಕ್ಕೆ ಟಿಕೆಟ್ ತೂರಿಸಿದ್ರೆ ಇಂಥ ಹೊತ್ತಿಗೆ ಬಾ ಅಂತ ಚೀಟಿ ಬರೋದು, ಪುಕ್ಕಟೆ. ಆಮೇಲೆ ಅದನ್ನ ಫಾಸ್ಟ್‌ಪಾಸ್ ಪ್ಲಸ್ ಮಾಡಿದ್ರು. ಅವರ ಹೋಟೆಲಲ್ಲಿ ಇಳಿಯೋರು 60 ದಿನ ಮುಂಚೆ, ಬೇರೆಯವರು 30 ದಿನ ಮುಂಚೆ ಯಾವ ರೈಡು ಎಷ್ಟು ಗಂಟೆಗೆ ಅಂತ ಮನೇಲೇ ಕೂತು ಗೊತ್ತು ಮಾಡ್ಕೋಬೇಕಿತ್ತು. ಎರಡು ತಿಂಗಳಾದ ಮೇಲೆ ಒಂದು ಗುರುವಾರ ಮಧ್ಯಾಹ್ನ ಮಗೂಗೆ ಏನು ಮನಸ್ಸಾಗುತ್ತೆ ಅಂತ ಯಾವ ತಾಯಿಗೆ ಗೊತ್ತಿರುತ್ತೆ ಹೇಳು. 2020ರಲ್ಲಿ ಪಾರ್ಕು ಮುಚ್ಚಿದಾಗ ಅದೂ ನಿಂತಿತು. 2021ರ ಅಕ್ಟೋಬರಲ್ಲಿ ಜೀನೀ ಪ್ಲಸ್ ಬಂತು: ಮುಂಗಡ ಬೇಡ, ಅವತ್ತಿನದು ಅವತ್ತೇ, ಆದ್ರೆ ದುಡ್ಡು ಕೊಡಬೇಕು, ಬೆಳಿಗ್ಗೆ 7ಕ್ಕೆ ಫೋನ್ ಹಿಡಿದು ಕೂರಬೇಕು. ನಿನ್ನ ಸಿದ್ಧಾಂತಕ್ಕೆ ಹತ್ತಿರದ್ದು. ರಜೇಲೂ ಅಲಾರಾಂ, ದಿನವೆಲ್ಲ ಪರದೆ ಮೇಲೆ ಕಣ್ಣು. 2024ರ ಜುಲೈನಲ್ಲಿ ಮತ್ತೆ ಮುಂಗಡಕ್ಕೇ ಬಂದ್ರು, ಹೋಟೆಲಿನವರಿಗೆ 7 ದಿನ, ಉಳಿದವರಿಗೆ 3 ದಿನ. ಇದನ್ನೇ ಕಸುಬು ಮಾಡ್ಕೊಂಡವರೇ ಇಷ್ಟು ಸಲ ಮಗ್ಗುಲು ಬದಲಾಯಿಸಿದ್ದಾರೆ. ನನ್ನ ಕೇಳಿದ್ರೆ ಮೂರು ದಿನವೇ ಸರಿಯಾದ ಅಳತೆ. ಅದಕ್ಕಿಂತ ಮುಂಚೆ ಮಾಡಿದ ಪ್ಲಾನಲ್ಲಿ ಮಕ್ಕಳು ಇರಲ್ಲ, ಅವರ ಹೆಸರು ಇರುತ್ತೆ ಅಷ್ಟೆ.

ಸರಿ, ದಸರಾ ವಿಷಯಕ್ಕೆ ಬರ್ತೀನಿ. 7ಕ್ಕೆ ಮನೆ ಬಿಡು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ನೆಲಮಂಗಲ ದಾಟಿ ಮಾದಾವರದ ಹತ್ರ ನೈಸ್ ರಸ್ತೆ ಹಿಡಿದ್ರೆ ಮೈಸೂರು ರಸ್ತೆಗೆ ಇಳೀತೀಯ. ಬಿಡದಿಗೆ ಹೋದ್ರೂ ತಟ್ಟೆ ಇಡ್ಲಿ ಇದೆಯಲ್ಲ ಅಂತ ನೀನು ಶುರು ಮಾಡ್ತೀಯ. ಆ ಜಗಳ ಇಲ್ಲಿ ಬೇಡ, ಜನ ಓದ್ತಿದ್ದಾರೆ. ಮೈಸೂರು ರಸ್ತೇಲಿ ಮೇಲಿನ ಎಕ್ಸ್‌ಪ್ರೆಸ್ ದಾರಿ ಹತ್ತಿ ಖುಷಿಯಾಗಿ ಹೋಗ್ಬಿಡಬೇಡ, ಸರ್ವಿಸ್ ರಸ್ತೇಲೇ ಇರು. ಬಾಗಿಲು ಸಾಮಾನ್ಯವಾಗಿ 11ಕ್ಕೆ ತೆಗೀತಾರೆ, ರಜೇಲಿ ಹೊತ್ತು ಬದಲಾಗಬಹುದು, ಟಿಕೆಟ್ ತಗೊಳ್ಳುವಾಗ ನೋಡ್ಕೋ. ಮುಕ್ಕಾಲು ಗಂಟೆ ಮುಂಚೆ ಗೇಟಲ್ಲಿರೋನಿಗೂ ಹನ್ನೆರಡಕ್ಕೆ ಬರೋನಿಗೂ ಟಿಕೆಟ್ ದರ ಒಂದೇ, ದಿನ ಮಾತ್ರ ಬೇರೆ ಬೇರೆ.

ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರ್ ಒಳಗಿದ್ರೆ ಉಚಿತ, 85ರಿಂದ 140ರವರೆಗೆ ಮಕ್ಕಳ ದರ, ಅದಕ್ಕಿಂತ ಮೇಲೆ ದೊಡ್ಡವರದ್ದು. ಮನೇಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಡಿಸಿ ಅಳೆ. ಇದು ಟಿಕೆಟ್ಟಿಗೆ ಮಾತ್ರ ಅಲ್ಲ, ಯಾವ ರೈಡಿಗೆ ಬಿಡ್ತಾರೆ ಅನ್ನೋದಕ್ಕೂ ಬೇಕು. ಒಂದು ಗಂಟೆ ಕ್ಯೂ ನಿಂತ ಮಗೂನ ಅಳತೆ ಕಡ್ಡಿ ಹತ್ರ ವಾಪಸ್ ಕಳಿಸಿದ್ರೆ ಆಗೋ ರಂಪ ಅವತ್ತಿಡೀ ದಿನ ಇಳಿಯಲ್ಲ. ಬಟ್ಟೆ ವಿಷಯ ಸವಿತಾಗೆ ಹೇಳು: ನೀರಿನ ರೈಡಿಗೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾ ಥರದ್ದೇ ಆಗಬೇಕು. ಹತ್ತಿ ಬಟ್ಟೆ, ಜೀನ್ಸ್, ಸೀರೆ ನಡೆಯಲ್ಲ. ಹತ್ತಿ ನೀರು ಕುಡಿದು ಭಾರ ಆಗುತ್ತೆ, ಅದರ ಎಳೆ ಬಿಟ್ಕೊಂಡು ನೀರು ಸೋಸೋ ಫಿಲ್ಟರಿಗೆ ಸೇರುತ್ತೆ. ಅಲ್ಲೇ ಕೊಂಡ್ರಾಯ್ತು ಅಂತ ಬರಿಗೈಲಿ ಹೋದ ಆರು ಜನರ ಕುಟುಂಬಕ್ಕೆ ಅಂಗಡೀಲೇ ಎಷ್ಟು ಖರ್ಚು, ಎಷ್ಟು ಹೊತ್ತು ಅಂತ ನೀನೇ ಲೆಕ್ಕ ಹಾಕು. ಚಿತ್ರಾನ್ನದ ಡಬ್ಬಿ ಕಾರಲ್ಲೇ ಇರಲಿ, ಹೊರಗಿನ ತಿಂಡಿ ಒಳಗೆ ಬಿಡಲ್ಲ.

ಒಣ ರೈಡು ಮೊದಲು, ನೀರು ಆಮೇಲೆ, ಮತ್ತೆ ವಾಪಸ್ ಇಲ್ಲ. ದಿನ ಹಾಳಾಗೋದು ಬಹುಪಾಲು ಇಲ್ಲೇ. ಒಂದು ಕುಟುಂಬ ಒದ್ದೆ ಬಟ್ಟೆ ಬದಲಾಯಿಸಿ ಹೊರಗೆ ಬರೋಕೆ ಅರ್ಧ ಗಂಟೆಗೆ ಕಮ್ಮಿ ಇಲ್ಲ, ಎರಡು ಸಲ ಮಾಡಿದ್ರೆ ಎರಡು ರೈಡು ಹೋದ ಹಾಗೆ. ಊಟ ಒಂದು ಗಂಟೆಗೆ ಬೇಡ, ಇಡೀ ಪಾರ್ಕಿಗೆ ಆಗಲೇ ಹಸಿವಾಗೋದು. ಇಡ್ಲಿ ಗಟ್ಟಿಯಾಗಿ ತಿಂದಿದ್ರೆ ಎರಡೂವರೆವರೆಗೆ ತಡೀಬಹುದು. ಊಟ ಆದ ತಕ್ಷಣ ಗಿರಗಿರ ತಿರುಗೋದು ಬೇಡ, ಕಾರಣ ನಿನಗೆ ನಾನು ಹೇಳಬೇಕಾ?

ಅಮ್ಮನ ವಿಷಯ. ಪ್ರತಿ ಗುಂಪಲ್ಲೂ ಬ್ಯಾಗ್ ಕಾಯೋಕೆ ಒಬ್ಬರು ಇರ್ತಾರೆ, ಹೆಚ್ಚುಕಮ್ಮಿ ಎಲ್ಲ ಕಡೆ ಅದು ಅಮ್ಮನೇ. ಸುಮ್ನೆ ಹೋದವರಲ್ಲಿ ಇದು ತಾನಾಗೇ ಆಗಿಬಿಡುತ್ತೆ, ಯಾರೂ ತೀರ್ಮಾನ ಮಾಡಿರಲ್ಲ. ಲಾಕರ್ ಬಾಡಿಗೆಗೆ ಸಿಗುತ್ತೆ, ಒಳಗೆ ಹೋದ ತಕ್ಷಣ ಅದನ್ನ ಮೊದಲು ಹಿಡಿ. "ನಂಗೇನೂ ಬೇಡಪ್ಪ" ಅಂತ ಅವರು ಹೇಳೋದು ಬ್ಯಾಗ್ ತೊಡೆ ಮೇಲಿರುವಾಗ. ಕೈ ಖಾಲಿ ಇರುವಾಗ ಇನ್ನೊಂದ್ಸಲ ಕೇಳಿ ನೋಡು. ನೀರಲ್ಲಿ ಟ್ಯೂಬ್ ಮೇಲೆ ತೇಲಿಕೊಂಡು ಹೋಗೋದಿದೆಯಲ್ಲ, ಅದಕ್ಕೆ ಧೈರ್ಯ ಬೇಡ, ಸರಿಯಾದ ಬಟ್ಟೆ ಬೇಕು ಅಷ್ಟೆ.

ಸಿಂಗಾಪುರದ್ದು ಬೇರೆಯೇ ಲೆಕ್ಕ, ಯಾಕಂದ್ರೆ ಅಲ್ಲಿಗೆ ಬರೋ ಭಾನುವಾರ ಮತ್ತೆ ಹೋಗೋಕಾಗಲ್ಲ. ಹಾರ್ಬರ್‌ಫ್ರಂಟ್‌ವರೆಗೆ ಮೆಟ್ರೋ, ಅಲ್ಲಿ ವಿವೋಸಿಟಿ ಮಾಲಿಂದ ಸೆಂಟೋಸಾ ಎಕ್ಸ್‌ಪ್ರೆಸ್, ರೆಸಾರ್ಟ್ಸ್ ವರ್ಲ್ಡ್‌ನಲ್ಲಿ ಇಳಿಯೋದು. ಎತ್ತರ ಮತ್ತೆ ಅಳೆ: ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ ಕನಿಷ್ಠ 102 ಸೆಂಟಿಮೀಟರ್, ಜುರಾಸಿಕ್ ಪಾರ್ಕಿನ ನೀರಿನ ರೈಡಿಗೆ 107, 'ಮಮ್ಮಿ' ಅನ್ನೋ ಕೋಸ್ಟರಿಗೆ 122, ಬ್ಯಾಟಲ್‌ಸ್ಟಾರ್ ಕೋಸ್ಟರಿಗೆ 125. ಪುಟ್ಟಿ ಎಲ್ಲಿ ಬೀಳ್ತಾಳೆ ಅಂತ ಬೇಸಿಗೆ ಹೊತ್ತಿಗೆ ನೋಡು, ಅಷ್ಟರಲ್ಲಿ ಬೆಳೆದಿರ್ತಾಳೆ. ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚು ಮಾಮೂಲು, ಮಿಂಚು ಬಂತು ಅಂದ್ರೆ ಹೊರಗಿನ ರೈಡು ನಿಲ್ಲಿಸಿಬಿಡ್ತಾರೆ. ಅದಕ್ಕೆ ಬ್ಯಾಟಲ್‌ಸ್ಟಾರ್ ಬೆಳಿಗ್ಗೆ, ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಸೂರಿನ ಕೆಳಗಿರೋದ್ರಿಂದ ಮಳೆ ಹೊತ್ತಿಗೆ. ನೀನೂ ಸವಿತಾನೂ ಬೇರೆ ಬೇರೆ ಸೀಟಲ್ಲಿ ಕೂರೋಕೆ ಒಪ್ಪಿದ್ರೆ ಕೆಲವು ರೈಡಿಗೆ ಒಂಟಿಯವರ ಕ್ಯೂ ಇದೆ. ಗುಂಪು ಗುಂಪಾಗಿ ಕೂತು ಉಳಿದ ಒಂದೊಂದು ಸೀಟು ತುಂಬೋಕೆ ಮಾಡಿರೋದು, ಬೇಗ ಸಾಗುತ್ತೆ. ಚಿಕ್ಕವನನ್ನ ಒಬ್ಬರು ಹಿಡ್ಕೊಂಡಿದ್ದು, ಇನ್ನೊಬ್ಬರು ಇಳಿದ ಮೇಲೆ ಮತ್ತೆ ಕ್ಯೂ ನಿಲ್ಲದೆ ಅದಲು ಬದಲಾಗೋಕೂ ದಾರಿ ಉಂಟು. ರೈಡಿನ ಬಾಗಿಲಲ್ಲಿರೋರನ್ನ ಮೊದಲೇ ಕೇಳು.

ಎರಡೂ ಕಡೆಗೂ ನಾನು ಬರೆದುಕೊಡೋದು ಮೊದಲ ಎರಡು ಗಂಟೆ, ಊಟದ ಹೊತ್ತು, ತಪ್ಪಿಸ್ಕೊಂಡ್ರೆ ಸೇರೋ ಜಾಗ, ಹೊರಡೋ ಹೊತ್ತು. ಮಿಕ್ಕಿದ್ದು ನಿಂದು. ಮೂರು ಗಂಟೆಗೆ ಪುಟ್ಟಿ ಬಾತುಕೋಳಿ ನೋಡ್ತಾ ನಿಂತ್ರೆ ನಿಲ್ಲಲಿ ಬಿಡು.

ಈಗ ಆ ಮಾತು. ಸುಮ್ನೆ ಹೋಗೋಣ ಅನ್ನೋನ ಪಕ್ಕದಲ್ಲಿ ಟಿಕೆಟ್ ಮಾಡಿಸಿರೋನು ಒಬ್ಬ ಇದ್ದೇ ಇರ್ತಾನೆ. ಅವನು ಇಲ್ಲದಿದ್ರೆ ಆ ಸುಮ್ನೆ ನೆಲಮಂಗಲ ಟೋಲ್ ದಾಟಲ್ಲ. ನಮ್ಮ ಗುಂಪಲ್ಲಿ ಅವನು ನಾನು. ಅದಕ್ಕೆ ಬೇಜಾರಿಲ್ಲ ಅಂತಾನೇ ಅಂದ್ಕೊಂಡಿದ್ದೆ. ಈಚೆಗೆ ಒಂದು ಅನುಮಾನ ಹೊಕ್ಕಿದೆ: ನೀವು ಕರೆಯೋದು ನನ್ನನ್ನೋ, ನನ್ನ ಹಾಳೇನೋ? ಹಾಳೆ ಮೊದಲೇ ಕೈಗೆ ಸಿಕ್ಕಿಬಿಟ್ರೆ "ನೀನೂ ಬಾರೋ" ಅಂತ ಆಮೇಲೆ ಯಾರಾದ್ರೂ ಅಂತೀರಾ? ಅದಕ್ಕೇ ಇರಬೇಕು, ನಾನು ಹಾಳೇಲಿ ಯಾವತ್ತೂ ಪೂರ್ತಿ ಬರೆಯಲ್ಲ. ಒಂದೆರಡು ವಿಷಯ ತಲೇಲೇ ಇಟ್ಕೊಂಡಿರ್ತೀನಿ, ಅಲ್ಲಿ ಹೋದ ಮೇಲೆ ನೀವು ತಿರುಗಿ ನನ್ನ ಮುಖ ನೋಡಲಿ ಅಂತ. ಇದನ್ನ ಬರೆಯೋ ಉದ್ದೇಶ ಇರಲಿಲ್ಲ. ಇನ್ನೊಂದು: ಹಾಳೇಲಿ ನಿಮ್ಮೆಲ್ಲರ ಹೆಸರಿನ ಕೆಳಗೆ ಯಾರಿಗೆ ಯಾವ ರೈಡು ಇಷ್ಟ ಅಂತ ಇರುತ್ತೆ. ನನ್ನ ಹೆಸರಿನ ಕೆಳಗೆ ಏನು ಬರೀಬೇಕು ಅಂತ ಯೋಚಿಸಿದೆ. ಕ್ಯೂ ಗಿಡ್ಡ ಇರೋದು ಯಾವುದೋ ಅದು, ಅನ್ನೋದು ಬಿಟ್ರೆ ಏನೂ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಯಾರಾದ್ರೂ ಫೋನ್ ಮಾಡಿ "ಹೊರಗೆ ಬಾ, ಎಲ್ಲಿಗೆ ಅಂತ ಕೇಳಬೇಡ" ಅನ್ನಲಿ ಅಂತ ಆಸೆ ಇದೆ ಕಣೋ. ಅಂದ್ರೆ ಹೊರಗೆ ಬರ್ತೀನಿ. ಬಂದವನು "ಫಾಸ್ಟ್‌ಟ್ಯಾಗಲ್ಲಿ ದುಡ್ಡಿದೆಯಾ, ಟೈರಿಗೆ ಗಾಳಿ ಹೊಡೆಸಿದ್ದೀಯಾ, ಸ್ಟೆಪ್ನಿ ಹೇಗಿದೆ" ಅಂತ ಶುರು ಹಚ್ಕೊಳ್ತೀನಿ, ನೀವು ನನ್ನನ್ನ ಭದ್ರಮ್ಮ ಸರ್ಕಲ್ಲಲ್ಲೇ ಇಳಿಸಿ ಹೋಗ್ತೀರ. ನ್ಯಾಯವಾಗೇ ಇಳಿಸ್ತೀರ.

ಅಮ್ಮಂದು ಆಧಾರ್ ಕಾರ್ಡು ಮರೀಬೇಡ, ಹಿರಿಯರಿಗೆ ಟಿಕೆಟ್ಟಲ್ಲಿ ರಿಯಾಯಿತಿ ಇದೆ. ಕೆಳಗೆ ಕಾಮೆಂಟಲ್ಲಿ "ಸಾರ್, ಹಾಳೆ ಕಳಿಸಿ" ಅಂತ ಕೇಳೋರಿಗೆ: ಕಳಿಸಲ್ಲ, ಅದೊಂದೇ ನನ್ನ ಆಸ್ತಿ.

ಇಂತಿ ನಿನ್ನ,
ಬಸ್ ಸ್ಟ್ಯಾಂಡ್ ಕಂಟ್ರೋಲರ್